ಬೆಟ್ಟ ಹತ್ತುವ ಹೊಳೆ

ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಬೆಳಗಿನ ಜಾವ ಐದರ ಹೊತ್ತಿಗೆ. ಬರುವ ಮುಂಚೆ ಸುಳಿವು ಕೊಡುತ್ತಾಳೆ. ನಲ್ಲಿಯ ಗಂಟಲಲ್ಲಿ ಮೊದಲು 'ಉಸ್' ಎಂದು ಗಾಳಿ, ಆಮೇಲೆ ಎರಡು ಸಲ ಕೆಮ್ಮು, ಅದರ ಹಿಂದೆಯೇ ಬೆರಳಿನಷ್ಟು ದಪ್ಪದ ಧಾರೆ. ಮನೆಮನೆಯಲ್ಲೂ ಸಂಪಿನ ಮುಚ್ಚಳ ಸರಿಸುವ ಸದ್ದು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, 'ಕಾವೇರಿ ಬಂದ್ಲಾ?' ಎನ್ನುತ್ತಾರೆ. ಬೋರ್‌ವೆಲ್ ನೀರಿಗೆ ಅವರಲ್ಲಿ ಈ ಮರ್ಯಾದೆ ಇಲ್ಲ. ಅದು ಬರೀ ಬೋರ್ ನೀರು, ಬೇಳೆ ಬೇಯದ ನೀರು.

ಒಂದು ದಿನ ಕೇಳಿದೆ, 'ಅಷ್ಟು ದೂರದ ಹೊಳೆ ನಮ್ಮ ಬೀದಿಗೆ ಹೇಗೆ ಬರ್ತಾಳೆ ಅಜ್ಜಿ?'

'ಇಳಿದು ಬರ್ತಾಳೆ, ಇನ್ನೇನು' ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು.

ನಾನೂ ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದೆ. ನೀರಿಗೆ ಇಳಿಯುವುದೊಂದೇ ಗೊತ್ತು ತಾನೆ? ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಬ್ಬ. ಕಣ್ಣಂಬಾಡಿ ಕಟ್ಟೆ ತುಂಬಿ ತುಳುಕಿದಾಗಲೂ ಅದರ ನೀರು ಈ ದಿಬ್ಬಕ್ಕಿಂತ ನೂರೈವತ್ತು ಮೀಟರಿಗೂ ಹೆಚ್ಚು ತಗ್ಗಿನಲ್ಲಿ ನಿಂತಿರುತ್ತದೆ. ಇಳಿದು ಬರುವ ಮಾತೇ ಇಲ್ಲ, ಅವಳು ಹತ್ತಿಯೇ ಬರಬೇಕು. ಹೊಳೆ ಬೆಟ್ಟ ಹತ್ತುವುದನ್ನು ಕಣ್ಣಾರೆ ನೋಡಬೇಕೆನಿಸಿ, ಆಗಸ್ಟಿನ ಒಂದು ಶನಿವಾರ ಕಟ್ಟೆಯ ಕಡೆಗೆ ಹೊರಟೆ.

ಮಂಡ್ಯ ಸೀಮೆಯಲ್ಲಿ ಕೃಷ್ಣರಾಜಸಾಗರ ಎಂದು ಉದ್ದಕ್ಕೆ ಹೇಳುವವರು ಕಡಿಮೆ. 'ಕಟ್ಟೆ' ಎಂದರೆ ಅದೇ. ಚಹಾದ ಅಂಗಡಿಯಲ್ಲಿ ಕೂತವರು ಒಬ್ಬರಿಗೊಬ್ಬರು ಮೊದಲು ಕೇಳುವುದು 'ಕಟ್ಟೆ ಇವತ್ತೆಷ್ಟು?' ಎಂದು. ಉತ್ತರ ಅಡಿಗಳಲ್ಲಿ ಬರುತ್ತದೆ. 124.80 ಅಡಿ ಎಂದರೆ ತುಂಬಿತು, ಬಾಗಿನಕ್ಕೆ ಮೊರ ಹೊಂದಿಸಬಹುದು. ನೂರರ ಕೆಳಗೆ ಇಳಿದರೆ ಮಾತು ತಗ್ಗುತ್ತದೆ, ಎಂಬತ್ತರ ಹತ್ತಿರ ಬಂದರೆ ಬೀದಿಗೆ ಇಳಿಯುವ ಮಾತು ಶುರುವಾಗುತ್ತದೆ. ಬೆಂಗಳೂರಿನವನೆಂದು ತಿಳಿದ ಅಂಗಡಿಯಾತ ಚಹಾ ಸುರಿಯುತ್ತಾ, 'ಹಂಗಾದ್ರೆ ನೀವು ನಮ್ಗೆ ದಾಯಾದಿಗಳು ಬಿಡಿ' ಎಂದು ನಕ್ಕ. ನಗುವಿನಲ್ಲಿ ಸಣ್ಣ ಮುಳ್ಳಿತ್ತು. ಆಸ್ತಿ ಒಂದೇ, ಪಾಲುದಾರರು ಇಬ್ಬರು ಎಂಬುದು ಅವನ ಲೆಕ್ಕ.

ಕಟ್ಟೆಯ ಮೇಲಿನ ಗಾಳಿಗೆ ನೀರಿನ ವಾಸನೆ ಇತ್ತು. 1911ರಲ್ಲಿ ಕೆಲಸ ಹಿಡಿದು, ಎರಡು ದಶಕ ಕಟ್ಟಿದ ಗೋಡೆ ಇದು. ಸಿಮೆಂಟು ದುಬಾರಿಯಾಗಿದ್ದ ಕಾಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದರು. ಹೇಮಾವತಿ, ಲಕ್ಷ್ಮಣತೀರ್ಥ, ಕಾವೇರಿ ಮೂರೂ ಬಂದು ಸೇರುವ ಕಡೆ ಅಡ್ಡ ನಿಂತ ಈ ಗಾರೆ ಇಂದಿಗೂ 49.45 ಟಿಎಂಸಿ (ಶತಕೋಟಿ ಘನ ಅಡಿ) ನೀರನ್ನು ಎದೆಗೊಟ್ಟು ತಡೆಯುತ್ತಿದೆ. ಹಳೆಯ ಕಣ್ಣಂಬಾಡಿ ಊರು ಈ ನೀರಿನ ತಳದಲ್ಲಿದೆ. ಅಲ್ಲಿನ ವೇಣುಗೋಪಾಲ ಸ್ವಾಮಿಯ ಗುಡಿ ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಈಗ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕಣ್ಣಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ.

ಇದೊಂದೇ ಕಟ್ಟೆಯಲ್ಲ. ಮೇಲೆ ಗೊರೂರಿನಲ್ಲಿ ಹೇಮಾವತಿ ಜಲಾಶಯ, ಕುಶಾಲನಗರದ ಹತ್ತಿರ ಹಾರಂಗಿ, ಬೀಚನಹಳ್ಳಿಯಲ್ಲಿ ವಯನಾಡಿನ ಮಳೆ ಹಿಡಿಯುವ ಕಬಿನಿ. ಕೊಡಗಿನಲ್ಲಿ ಮೋಡ ಒಡೆದರೆ ಒಂದು ತುಂಬುತ್ತದೆ, ವಯನಾಡಿನಲ್ಲಿ ಒಡೆದರೆ ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರಿನ ತನಕ ಬಿದ್ದದ್ದನ್ನು ಮುಂದಿನ ಮೇ ತಿಂಗಳವರೆಗೆ ನಾಲ್ಕು ಮಡಕೆಗಳಲ್ಲಿ ಎತ್ತಿಟ್ಟುಕೊಳ್ಳುವ ಮನೆವಾರ್ತೆ ಇದು.

ಕಟ್ಟೆಯಿಂದ ಹೊರಡುವ ದೊಡ್ಡ ಪೈಪನ್ನು ಹುಡುಕಿ ನಾನು ಪೆಚ್ಚಾದೆ. ಬೆಂಗಳೂರಿಗೆ ಇಲ್ಲಿಂದ ಪೈಪೇ ಇಲ್ಲ! ಹೊಳೆಯೇ ಪೈಪು. ಕಟ್ಟೆಯಿಂದ ಬಿಟ್ಟ ನೀರು ತನ್ನ ಪಾಡಿಗೆ ತಾನು ಶ್ರೀರಂಗಪಟ್ಟಣವನ್ನು ಎರಡು ತೋಳಲ್ಲಿ ಬಳಸಿ, ತಿರುಮಕೂಡಲು ನರಸೀಪುರದಲ್ಲಿ ಕಬಿನಿಯನ್ನು ಕೂಡಿಕೊಂಡು, ತಲಕಾಡಿನ ಮರಳಿಗೆ ಮೈಯುಜ್ಜಿ ಸಾಗುತ್ತದೆ. ಅದರಲ್ಲಿ ಎಮ್ಮೆ ಮೀಯುತ್ತದೆ, ಹೆಂಗಸರು ಬಟ್ಟೆ ಒಗೆಯುತ್ತಾರೆ, ಹರಿಗೋಲು ತೇಲುತ್ತದೆ. ಆ ನೀರಿನ ಒಂದು ಪಾಲು ಕೆಲವೇ ದಿನಗಳಲ್ಲಿ ಇಂದಿರಾನಗರದ ಹತ್ತನೇ ಮಹಡಿಯಲ್ಲಿ ಕಾಫಿಯಾಗುತ್ತದೆಂದು ಎಮ್ಮೆಗೂ ಗೊತ್ತಿಲ್ಲ, ಕಾಫಿ ಕುಡಿಯುವವನಿಗೂ ಗೊತ್ತಿಲ್ಲ. ಹತ್ತಬೇಕಾದ ಹೊಳೆ ಮೊದಲು ಇನ್ನಷ್ಟು ಇಳಿಯುತ್ತಾಳೆ. ನಾನೂ ಅವಳ ಜೊತೆ ಇಳಿಯುತ್ತಾ ಶಿವನಸಮುದ್ರ ತಲುಪಿದೆ.

ಆಗಸ್ಟಿನ ಗಗನಚುಕ್ಕಿ ಜಲಪಾತದ ಮುಂದೆ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ಮುಖದ ಮೇಲೆ ತುಂತುರು, ಕಾಲಡಿಯಲ್ಲಿ ಗುಡುಗು. ಈ ಸದ್ದಿನಿಂದಲೇ 1902ರಲ್ಲಿ ಮೈಸೂರು ಸಂಸ್ಥಾನ ಕರೆಂಟು ತೆಗೆಯಿತು. ಏಷ್ಯಾದ ಮೊದಮೊದಲ ಜಲವಿದ್ಯುತ್ ಕೇಂದ್ರಗಳಲ್ಲಿ ಇದೊಂದು. ತಂತಿ ಇಲ್ಲಿಂದ ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನದು. ಈ ಯೋಜನೆಯ ಬೆನ್ನಿಗೆ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲಿಯೇ ತೀರಿಕೊಂಡಿದ್ದರು, ಗಣಿಯ ಗಾಲಿ ತಿರುಗಿದ್ದನ್ನು ನೋಡಲಿಲ್ಲ. 1905ರ ಆಗಸ್ಟ್ 5ರಂದು ಅದೇ ಕರೆಂಟಿನಿಂದ ಬೆಂಗಳೂರು ಪೇಟೆಯ ಬೀದಿದೀಪ ಹೊತ್ತಿತು. ಅಂದರೆ ಕಾವೇರಿ ನಮ್ಮ ಊರಿಗೆ ನೀರಾಗಿ ಬರುವುದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲೇ ಬೆಳಕಾಗಿ ಬಂದಿದ್ದಳು.

ಜಲಪಾತದ ಮೇಲ್ಭಾಗದಲ್ಲಿ ಹೊಳೆಗೆ ಅಡ್ಡಲಾಗಿ ತಗ್ಗಾದ ಕಟ್ಟೆಯೊಂದಿದೆ. ಶಿವಾ ಅಣೆಕಟ್ಟೆ ಎನ್ನುತ್ತಾರೆ. ಬೆಂಗಳೂರಿನ ಪಾಲು ಹೊಳೆಯಿಂದ ಬೇರೆಯಾಗುವುದು ಇಲ್ಲಿ. ಪೈಪಿಗೆ ಬೀಳುವ ನೀರು ಜಲಪಾತಕ್ಕೆ ಹೋಗದ ನೀರು. ಸಂಭ್ರಮದಿಂದ ದುಮುಕುವ ಅಕ್ಕತಂಗಿಯರ ನಡುವಿಂದ ಒಬ್ಬಳನ್ನು ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡಂತೆ. ಅವಳು ಎಡದಂಡೆಯ ಕಾಲುವೆಗೆ ಇಳಿದು, ನೆಟ್ಕಲ್‌ನ ಸಮತೋಲನ ಜಲಾಶಯದಲ್ಲಿ ಒಂದಿಷ್ಟು ಹೊತ್ತು ನಿಂತು, ತೊರೆಕಾಡನಹಳ್ಳಿಗೆ ಬರುತ್ತಾಳೆ. ಇಲ್ಲಿಗೆ ಇಳಿಯುವ ಕಾಲ ಮುಗಿಯಿತು.

ತೊರೆಕಾಡನಹಳ್ಳಿ ಮಳವಳ್ಳಿ ತಾಲ್ಲೂಕಿನ ಊರು. ನೀರಿನವರ ಬಾಯಲ್ಲಿ ಅದು 'ಟಿ.ಕೆ. ಹಳ್ಳಿ'. ಅನುಮತಿ ಪಡೆದು ಒಳಗೆ ಹೋದೆ. ಹೊರಗೆ ಹೆಸರೇ ಕೇಳದ ಹಳ್ಳಿ, ಒಳಗೆ ಒಂದೂವರೆ ಕೋಟಿಯ ಹತ್ತಿರದ ಜನರ ಬಾಯಾರಿಕೆಯನ್ನು ಕಾಯುವ ಅಡುಗೆಮನೆ. ಮೊದಲು ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ನೀರು ಚೆಲ್ಲಿಕೊಂಡು ಇಳಿಯುವ ಜಾಗ. ಗಾಳಿ ಬೆರೆಸುವ ಉಪಾಯ ಅದು. ಚಹಾ ಮಾಡುವವನು ಲೋಟದಿಂದ ಲೋಟಕ್ಕೆ ಎತ್ತಿ ಸುರಿದಂತೆ.

ನನ್ನನ್ನು ಕಟ್ಟಿ ನಿಲ್ಲಿಸಿದ್ದು ಪ್ರಯೋಗಾಲಯದ ಮೇಜು. ಸಾಲಾಗಿ ಆರು ಗಾಜಿನ ಜಾಡಿ, ಆರರಲ್ಲೂ ಮಳೆಗಾಲದ ಕಾವೇರಿ, ಹಾಲು ಕಡಿಮೆ ಬಿದ್ದ ಚಹಾದ ಬಣ್ಣ. ಅಲ್ಲಿದ್ದ ರಸಾಯನಶಾಸ್ತ್ರದ ಹುಡುಗಿ ಒಂದೊಂದಕ್ಕೂ ಬೇರೆ ಬೇರೆ ಅಳತೆಯಲ್ಲಿ ಪಟಿಕದ ದ್ರಾವಣ ಬಿಟ್ಟಳು. ಚಿಕ್ಕ ಹುಟ್ಟುಗಳು ಮೊದಲು ಜೋರಾಗಿ, ಆಮೇಲೆ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ತಿರುಗಿದವು. ಕೆಲವೇ ನಿಮಿಷದಲ್ಲಿ ನೀರಿನೊಳಗೆ ರಾಗಿ ಅಂಬಲಿ ಒಡೆದಂಥ ಸಣ್ಣ ಸಣ್ಣ ಚೂರುಗಳು ಮೂಡಿ, ಒಂದನ್ನೊಂದು ಅಂಟಿಕೊಂಡು, ತೂಕ ಬಂದು ತಳಕ್ಕೆ ಇಳಿಯತೊಡಗಿದವು. ಮೂರನೇ ಜಾಡಿಯ ನೀರು ಎಲ್ಲಕ್ಕಿಂತ ಮೊದಲು ತಿಳಿಯಾಯಿತು. 'ಇವತ್ತಿಗೆ ಈ ಅಳತೆ' ಎಂದು ಬರೆದುಕೊಂಡಳು. ಮೇಲೆ ಕೊಡಗಿನಲ್ಲಿ ಮಳೆ ಹೆಚ್ಚಾದರೆ ನೀರು ಕದಡುತ್ತದೆ, ನಾಳೆ ಅಳತೆ ಬದಲಾಗುತ್ತದೆ. ಹಳ್ಳಿಯಲ್ಲಿ ನಮ್ಮಜ್ಜಿ ಕೆರೆನೀರಿನ ಹಂಡೆಯಲ್ಲಿ ಪಟಿಕದ ಗಟ್ಟಿಯನ್ನು ಎರಡು ಸುತ್ತು ಆಡಿಸಿ ತೆಗೆಯುತ್ತಿದ್ದುದು ನೆನಪಾಯಿತು. ವಿದ್ಯೆ ಅದೇ, ಹಂಡೆ ಮಾತ್ರ ದೊಡ್ಡದು.

ಹೊರಗಿನ ಹಂಡೆಗಳು ನಿಜಕ್ಕೂ ದೊಡ್ಡವು. ದುಂಡನೆಯ ಕೊಳಗಳಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಅಂಚಿನ ಮೇಲಿಂದ ತಿಳಿನೀರು ಸೆರಗಿನಂತೆ ಜಾರುತ್ತದೆ. ಮುಂದೆ ಮರಳಿನ ಹಾಸು, ಅದರಲ್ಲಿ ಸೋಸಿ ಕೆಳಗಿಳಿದ ಮೇಲೆ ಕ್ಲೋರಿನ್. ಮರಳಿಗೆ ಕೊಳೆ ಕಟ್ಟಿಕೊಂಡಾಗ ಕೆಳಗಿನಿಂದ ಗಾಳಿ, ನೀರು ನುಗ್ಗಿಸಿ ತೊಳೆಯುತ್ತಾರೆ. ನಾನಿದ್ದಾಗ ಒಂದು ಹಾಸನ್ನು ತೊಳೆಯಲು ತೆಗೆದರು. ನಿಶ್ಚಲವಾಗಿದ್ದ ಕೊಳ ಒಮ್ಮೆಲೇ ಹಾಲು ಉಕ್ಕಿದಂತೆ ಕುದಿದು, ಕಂದು ನೊರೆ ಕಾರಿ, ನಿಧಾನವಾಗಿ ತಣ್ಣಗಾಯಿತು.

ಇಷ್ಟೆಲ್ಲ ಮುಗಿದು ಪಂಪುಮನೆಗೆ ಕಾಲಿಟ್ಟೆ. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಯಿತು. ನೆಲ ಗುಂಯ್ಗುಡುತ್ತಿತ್ತು. ಸಾಲು ಸಾಲು ಮೋಟಾರುಗಳು, ಒಂದೊಂದರ ಮುಂದೆಯೂ ಮನುಷ್ಯ ಕುಬ್ಜ. ಇಲ್ಲಿಂದ ಹಾರೋಹಳ್ಳಿ, ಹಾರೋಹಳ್ಳಿಯಿಂದ ತಾತಗುಣಿ, ತಾತಗುಣಿಯಿಂದ ಬೆಂಗಳೂರು, ಮೂರು ನೆಗೆತ. ದೂರ ಸುಮಾರು ನೂರು ಕಿಲೋಮೀಟರ್. ಪೈಪಿನ ಒಳಮೈಯ ಉಜ್ಜುವಿಕೆಯನ್ನೂ ಸೇರಿಸಿ ಪಂಪುಗಳು ಎತ್ತಬೇಕಾದ ಎತ್ತರ ಸುಮಾರು 500 ಮೀಟರ್.

ಜೇಬಿನ ಚೀಟಿಯ ಮೇಲೆ ಅಲ್ಲೇ ಲೆಕ್ಕ ಹಾಕಿದೆ. ಹದಿನೈದು ಲೀಟರಿನ ಒಂದು ಕೊಡ. ಅದನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿಯಲ್ಲಿ 10 ವ್ಯಾಟಿನ ಬಲ್ಬು ಎರಡು ಗಂಟೆ ಉರಿಯುತ್ತದೆ. ಪಂಪಿನಲ್ಲಿ ಪೋಲಾಗುವುದನ್ನು ಇದರಲ್ಲಿ ಹಿಡಿದಿಲ್ಲ. ಅದೇ ಕೊಡ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಸುಮಾರು 400 ಅಡಿ ಇಳಿದರೆ ಅದೇ ಬಲ್ಬು ಹೆಚ್ಚೆಂದರೆ ಅರ್ಧ ಗಂಟೆ ಉರಿದೀತು. ಇಳಿಯುವಾಗ ಅರ್ಧ ಗಂಟೆಯ ಬೆಳಕು ಕೊಡುವ ಕೊಡ, ನಮ್ಮ ಮನೆಗೆ ಹತ್ತಿ ಬರಲು ಎರಡು ಗಂಟೆಯ ಬೆಳಕು ಕೇಳುತ್ತದೆ. ನೂರು ವರ್ಷದ ಹಿಂದೆ ಬೆಂಗಳೂರಿಗೆ ದೀಪ ಹಚ್ಚಿದ ಹೊಳೆಗೆ ನಾವೀಗ ದಿನವೂ ಬಡ್ಡಿ ಸಮೇತ ದೀಪ ವಾಪಸು ಕೊಡುತ್ತಿದ್ದೇವೆ. ಚೀಟಿ ನೋಡಿದ ಪಂಪುಮನೆಯವರು, 'ಕರೆಂಟು ಹೋದ್ರೆ ನಿಮ್ಮೂರು ನಿಂತ್ಹೋಗುತ್ತೆ ಸಾರ್' ಎಂದರು. ಬೆಂಗಳೂರಿನಲ್ಲಿ 'ಇವತ್ತು ಕಾವೇರಿ ಇಲ್ಲ' ಎಂಬ ಪ್ರಕಟಣೆಯ ಹಿಂದೆ ಎಷ್ಟೋ ಸಲ ಇರುವುದು ಈ ಮೋಟಾರುಗಳ ರಿಪೇರಿಯೇ.

1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಶುರುವಾದಾಗ ದಿನಕ್ಕೆ 13.5 ಕೋಟಿ ಲೀಟರ್ ಹತ್ತುತ್ತಿತ್ತು. 1982, 1993ರಲ್ಲಿ ಎರಡನೇ, ಮೂರನೇ ಹಂತ, 2002 ಮತ್ತು 2012ರಲ್ಲಿ ಎರಡು ಪಾಲಾಗಿ ನಾಲ್ಕನೇ ಹಂತ, ಹೀಗೆ ಒಂದರ ಮೇಲೊಂದು ಏರಿದವು. 2024ರ ಅಕ್ಟೋಬರ್ 16ರಂದು ಇದೇ ಟಿ.ಕೆ. ಹಳ್ಳಿಯಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಮರುದಿನವೇ ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ತೀರ್ಥೋದ್ಭವ. ಬೊಗಸೆಯಲ್ಲಿ ಹಿಡಿಯಬಹುದಾದ ಆ ಹುಟ್ಟಿಗೂ ಆಳು ನಿಲ್ಲುವಷ್ಟು ದಪ್ಪದ ಈ ಪೈಪಿಗೂ ಒಂದೇ ಹೆಸರು. ಐದೂ ಹಂತ ಪೂರ್ತಿ ಓಡಿದರೆ ದಿನಕ್ಕೆ 220 ಕೋಟಿ ಲೀಟರಿಗೂ ಮೇಲೆ. ಒಂದು ಟಿಎಂಸಿ ನೀರು ಬೆಂಗಳೂರಿಗೆ ಹನ್ನೆರಡು, ಹದಿಮೂರು ದಿನಕ್ಕೆ ಸಾಕು. ವರ್ಷಕ್ಕೆ 28 ಟಿಎಂಸಿ ದಾಟುತ್ತದೆ, ಅಂದರೆ ತುಂಬಿದ ಕಟ್ಟೆಯ ಅರ್ಧಕ್ಕಿಂತ ಜಾಸ್ತಿ. ಚಹಾದಂಗಡಿಯವನ ನಗುವಿನ ಮುಳ್ಳು ಈಗ ಅರ್ಥವಾಯಿತು.

ವಾಪಸು ಬರುವಾಗ ಹಲಗೂರು, ಸಾತನೂರು ದಾಟಿ ಕನಕಪುರದ ದಾರಿ. ಮಣ್ಣಿನಡಿಯಲ್ಲಿ ಕಾವೇರಿ ನನ್ನ ಜೊತೆಯಲ್ಲೇ ಏರುತ್ತಿದ್ದಳು. ಅಲ್ಲಲ್ಲಿ ಹಳ್ಳ ದಾಟುವ ಕಡೆ ಮಾತ್ರ ಪೈಪಿನ ಬೆನ್ನು ಕಾಣುತ್ತಿತ್ತು. ಕನಕಪುರದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆ. ಕೆಳಗೆ ಅರ್ಕಾವತಿ ಹರಿಯುತ್ತಿತ್ತು, ಮಾಸಲು ಬಣ್ಣ, ಸೋಪಿನ ನೊರೆ. ಬಸವನಗುಡಿಯ ಬಸವನ ಹತ್ತಿರ ಹುಟ್ಟುತ್ತಾಳೆನ್ನುವ ವೃಷಭಾವತಿ ಬೆಂಗಳೂರಿನ ಬಚ್ಚಲನ್ನು ಹೊತ್ತುಕೊಂಡು, ಭೈರಮಂಗಲದ ಕೆರೆ ದಾಟಿ ಅರ್ಕಾವತಿಗೆ ಸೇರುತ್ತಾಳೆ. ಅರ್ಕಾವತಿ ಮುಂದೆ ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ, ಮೇಕೆದಾಟಿಗೆ ಸ್ವಲ್ಪ ಮೇಲೆ. ಒಂದೇ ದಾರಿಯಲ್ಲಿ ಮೇಲಕ್ಕೆ ಹೋಗುವ ಕಾವೇರಿ ಪೈಪಿನೊಳಗೆ, ಕೆಳಕ್ಕೆ ಬರುವ ಕಾವೇರಿ ಹೊಳೆಯೊಳಗೆ. ಹೋಗುವವಳ ಮುಖ ತೊಳೆದು ಕಳಿಸಿದ್ದರು, ಬರುವವಳನ್ನು ಯಾರೂ ಗುರುತು ಹಿಡಿಯುವಂತಿರಲಿಲ್ಲ. ಸೇತುವೆಯ ಮೇಲೆ ನನಗೆ ತುಂಬ ಹೊತ್ತು ನಿಲ್ಲಲಾಗಲಿಲ್ಲ.

ಹಾರೋಹಳ್ಳಿ ದಾಟಿ ತಾತಗುಣಿಗೆ ಬರುವಾಗ ಕತ್ತಲಾಯಿತು. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ಬಾಳಿದ ಎಸ್ಟೇಟು ಇರುವ ಊರು. ನೀರಿನ ಮಟ್ಟಿಗೆ ಇದು ಕೊನೆಯ ಮೆಟ್ಟಿಲು. ಇಲ್ಲಿಂದ ನೆಗೆದರೆ ಬೆಂಗಳೂರು. ಅಲ್ಲಿ ನೆಲಮಟ್ಟದ ಜಲಾಗಾರಗಳು, ಅಲ್ಲಿಂದ ಬಡಾವಣೆಯ ಪೈಪು, ಕೊನೆಗೆ ಉದ್ದನೆಯ ಕೀಲಿ ಹೆಗಲ ಮೇಲಿಟ್ಟುಕೊಂಡು ಬರುವ ವಾಲ್ವ್‌ಮನ್. ನಾಲ್ಕು ಜಲಾಶಯ, ಮೂರು ಪಂಪುಮನೆ, ನೂರು ಕಿಲೋಮೀಟರ್ ಪೈಪು ಎಲ್ಲವೂ ನಮ್ಮ ಬೀದಿಯಲ್ಲಿ ಅವನ ಕೈಯ ಆ ಕಬ್ಬಿಣದ ಕೀಲಿಗೆ ಕಾಯುತ್ತವೆ.

ಮುಂದಿನ ವಾರ ಹೆಸರಘಟ್ಟಕ್ಕೆ ಹೋದೆ. ಹೊಳೆ ಹತ್ತುವ ಮುಂಚೆ ಬೆಂಗಳೂರು ಏನು ಕುಡಿಯುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿತ್ತು. ಮೊದಲು ಕೆರೆಗಳಿದ್ದವು. ಧರ್ಮಾಂಬುಧಿಯ ಮೇಲೆ ಈಗ ಮೆಜೆಸ್ಟಿಕ್ ಬಸ್ಸು ನಿಲ್ಲುತ್ತದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಊರು ಬೆಳೆದು ಕೆರೆ ಸಾಲದಾದಾಗ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗಲೇ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿ 1896ರಲ್ಲಿ ನಗರಕ್ಕೆ ನೀರು ತಂದರು. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರ ನೀರನ್ನೆತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿತ್ತು. 1920ರ ದಶಕದಲ್ಲಿ ಆ ಕೆರೆ ಬತ್ತಿತು. 1933ರಲ್ಲಿ ಅರ್ಕಾವತಿಗೆ ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. ದಶಕಗಳು ಕಳೆದಂತೆ ಅದರ ನೀರು ಕೆಟ್ಟಿತು, ಊರು ಅದನ್ನೂ ಕೈಬಿಟ್ಟಿತು. ಹತ್ತಿರದ ನೀರು ಮುಗಿದಾಗಲೆಲ್ಲ ಬೆಂಗಳೂರು ಮಾಡಿದ್ದು ಒಂದೇ ಕೆಲಸ: ಇನ್ನೂ ದೂರಕ್ಕೆ ಕೈ ಚಾಚಿದ್ದು.

ಬೆಂಗಳೂರು ದಿಬ್ಬದ ಬೆನ್ನಿಗೆ ಎರಡು ಇಳಿಜಾರು. ಒಂದು ಅರ್ಕಾವತಿಯ ಮೂಲಕ ಕಾವೇರಿಗೆ, ಇನ್ನೊಂದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ರಾಜ್ಯಗಳ ನಡುವೆ ಹೊಳೆ ಹಂಚಿದ ಕಾವೇರಿ ನ್ಯಾಯಮಂಡಳಿ, ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ ಎಂದು ನೀರು ಅಳೆದಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಅಳತೆ ಒಪ್ಪದೆ ಇಡೀ ಊರಿನ ಬಾಯಾರಿಕೆಗೆಂದು 4.75 ಟಿಎಂಸಿ ಸೇರಿಸಿತು. ಅದೇ ವರ್ಷ ಆಚೆಯ ಇಳಿಜಾರಿನ ಬಳಸಿದ ನೀರನ್ನು ಶುದ್ಧೀಕರಿಸಿ, ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ಆ ನೀರು ಎಷ್ಟು ಶುದ್ಧ ಎಂಬ ಜಗಳ ಅಲ್ಲಿ ಇನ್ನೂ ಇದೆ. ಆದರೂ ಈ ಸುತ್ತು ನೋಡಿ: 1902ರಲ್ಲಿ ಕೋಲಾರಕ್ಕೆ ಕಾವೇರಿ ಕರೆಂಟಾಗಿ ಹೋಗಿದ್ದಳು. ಈಗ ನಮ್ಮ ಸಿಂಕು, ಬಚ್ಚಲು, ಬಕೆಟ್ಟು ಹಾದು ಕೆರೆಯಾಗಿ ಹೋಗುತ್ತಿದ್ದಾಳೆ.

ಮನೆಗೆ ಬಂದು ಪಕ್ಕದ ಮನೆಯ ಅಜ್ಜಿಗೆ ಹೇಳಿದೆ, 'ಇಳಿದು ಬರಲ್ಲ ಅಜ್ಜಿ. ಐನೂರು ಮೀಟರು ಹತ್ತಿ ಬರ್ತಾಳೆ. ನಿಮ್ಮ ಒಂದು ಬಿಂದಿಗೆಗೆ ಎರಡು ಗಂಟೆ ಲೈಟು.'

ಅಜ್ಜಿ ತುಂಬಿ ಹೊರಚೆಲ್ಲುತ್ತಿದ್ದ ಬಿಂದಿಗೆಯನ್ನು ನೋಡಿದರು, ನಲ್ಲಿ ತಿರುಗಿಸಿ ನಿಲ್ಲಿಸಿದರು. 'ಮೊದಲೇ ಹೇಳೋದಲ್ವಾ' ಎಂದರು.

ಆ ರಾತ್ರಿ ಜೋರು ಮಳೆ. ನಮ್ಮ ತಾರಸಿಯ ಕೊಳವೆಯಿಂದ ತೋಳು ದಪ್ಪದ ಧಾರೆ ನೇರ ಚರಂಡಿಗೆ ಬೀಳುತ್ತಿತ್ತು. ಮಳೆನೀರು ಕೊಯ್ಲು ಮಾಡಬೇಕೆಂದು ಬೆಂಗಳೂರಿನಲ್ಲಿ 2009ರಿಂದ ಕಾನೂನೇ ಇದೆ. ನಾನು ಮಾತ್ರ ಫಿಲ್ಟರಿನ ಡ್ರಮ್ಮನ್ನು ತಂದು ಮೂಲೆಯಲ್ಲಿಟ್ಟು, ಪೈಪು ಜೋಡಿಸುವುದನ್ನು ಮುಂದೂಡುತ್ತಲೇ ಬಂದಿದ್ದೆ. ಬೆಳಿಗ್ಗೆ ಪ್ಲಂಬರಿಗೆ ಫೋನು ಮಾಡಿದೆ.

ಬೆಂಗಳೂರಿನ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಮೂವತ್ತು ನಲವತ್ತರ ಒಂದು ಸೈಟಿನ ಪಾಲಿಗೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು. ಅದನ್ನು ಈ ದಿಬ್ಬದ ಮೇಲಕ್ಕೆ ತರಲು ಒಂದು ಯೂನಿಟ್ ಕರೆಂಟೂ ಖರ್ಚಾಗುವುದಿಲ್ಲ.